ಸೌದೆ ಒಲೆ ಹೊಗೆಯಾಡಿದರೆ ಕ್ಯಾಟಲಿಸ್ಟನ್ನು ದೂರುವ ಮೊದಲು

ಮಾನ್ಯ ಸಂಪಾದಕರೇ,

ಕನಕಪುರ ರಸ್ತೆಯ ಆಚೆ ಹೊಸ ಮನೆ ಕಟ್ಟಿಸಿಕೊಂಡಿರುವ ಓದುಗರೊಬ್ಬರು, ಕೋಣೆ ಕಾಯಿಸಲು ಇಟ್ಟುಕೊಂಡ ತಮ್ಮ ಕ್ಯಾಟಲಿಟಿಕ್ ಸೌದೆ ಒಲೆ (ಹೊಗೆಯನ್ನೇ ಉರಿಸುವ ಕ್ಯಾಟಲಿಸ್ಟ್ ಎಂಬ ಭಾಗವಿರುವ ಒಲೆ) ಒಂದೇ ಚಳಿಗಾಲಕ್ಕೆ ಕೆಟ್ಟುಹೋಯಿತೆಂದೂ, ಮಾರಿದವರು ಕ್ಯಾಟಲಿಸ್ಟ್ ಬದಲಿಸಲೇಬೇಕೆಂದು ಹೇಳಿ ದೊಡ್ಡ ಮೊತ್ತದ ಅಂದಾಜು ಪಟ್ಟಿ ಕೊಟ್ಟರೆಂದೂ, ಈ ನಡುವೆ ಅಕ್ಕಪಕ್ಕದವರು ಹೊಗೆಯ ಬಗ್ಗೆ ತಕರಾರು ಎತ್ತಿದ್ದಾರೆಂದೂ ನಿಮ್ಮ ವಾಚಕರ ವಿಭಾಗದಲ್ಲಿ ಬರೆದಿದ್ದರು. ಎರಡು ದಿನ ಬಿಟ್ಟು ಇನ್ನೊಬ್ಬರು, ಇಂಥ ಒಲೆಗಳೆಲ್ಲ ಬರೀ ಶೋಕಿ, ಕ್ಯಾಟಲಿಸ್ಟನ್ನು ಕಿತ್ತು ಎಸೆದು ಮಾಮೂಲಿ ಒಲೆಯಂತೆ ಉರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಉತ್ತರ ಕೊಟ್ಟಿದ್ದರು. ಶೋಕಿಯ ಮಾತನ್ನು ನಾನು ಪೂರ್ತಿಯಾಗಿ ಅಲ್ಲಗಳೆಯಲಾರೆ. ಡಿಸೆಂಬರ್‌ನಲ್ಲೂ ರಾತ್ರಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವ ಊರಿನಲ್ಲಿ ಕೋಣೆ ಕಾಯಿಸುವ ಒಲೆ ಅನಿವಾರ್ಯವೆಂದು ವಾದಿಸುವುದು ಕಷ್ಟ. ಆದರೆ ಕಿತ್ತೆಸೆಯುವ ಸಲಹೆ ತಪ್ಪು, ಮತ್ತು ಮೊದಲನೆಯವರಿಗೆ ಮಾರಾಟಗಾರರು ಕೊಟ್ಟ ಸಲಹೆ ಅವಸರದ್ದು. ಈ ಒಲೆಗಳ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಬಹಳ ಕಡಿಮೆಯಾದ್ದರಿಂದ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಮನೆಯಲ್ಲಿ. ಅಲ್ಲಿ ಬಚ್ಚಲ ಹಂಡೆಯ ಒಲೆ ವರ್ಷದ ಯಾವ ದಿನವೂ ಆರುತ್ತಿರಲಿಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿರುವ ಮಗಳ ಮನೆಯಲ್ಲಿ ಎರಡು ಚಳಿಗಾಲ ಕಳೆದಾಗ ಕ್ಯಾಟಲಿಟಿಕ್ ಒಲೆಯ ಜೊತೆ ಒಡನಾಟವಾಯಿತು. ತಲಘಟ್ಟಪುರದ ನಮ್ಮ ಮನೆಯಲ್ಲಿ ವಯಸ್ಸಾದ ಅತ್ತೆಯವರಿಗೆ ಸಂಜೆಯ ಥಂಡಿ ತಡೆಯದು ಎಂಬ ಕಾರಣಕ್ಕೆ ಅಂಥದೇ ಒಂದು ಒಲೆಯನ್ನು ತರಿಸಿ ಕೂರಿಸಿ ಇದು ಮೂರನೆಯ ಚಳಿಗಾಲ. ಮೊದಲನೆಯ ವರ್ಷ ನಮಗೂ ಆ ಓದುಗರಿಗೆ ಆದದ್ದೇ ಆಯಿತು. ಹಾಲ್ ತುಂಬ ಹೊಗೆ, ಗಾಜಿನ ಬಾಗಿಲಿಗೆ ಕಾಡಿಗೆಯಂಥ ಮಸಿ, ಒಲೆಯ ಮುಂದೆ ಕೂತ ಅತ್ತೆಯವರಿಗೆ ಶಾಖಕ್ಕಿಂತ ಕೆಮ್ಮೇ ಹೆಚ್ಚು. ಆಗ ನಾವು ಹುಡುಕಿ ಕಂಡುಕೊಂಡ ದೋಷಗಳಲ್ಲಿ ಕ್ಯಾಟಲಿಸ್ಟಿನದು ಒಂದೂ ಇರಲಿಲ್ಲ. ಅದಕ್ಕೊಂದು ಏಟು ಬಿದ್ದದ್ದು ನಮ್ಮದೇ ಕೈಯಿಂದ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಒಲೆ ಮಾಡುವ ಕೆಲಸವನ್ನು ತಿಳಿಯಬೇಕು. ಹೊಗೆಯೆಂದರೆ ಅರ್ಧ ಉರಿದ ಇಂಧನ. ಸೌದೆ ಕಾದಾಗ ಹೊರಡುವ ಅನಿಲಗಳು, ಡಾಂಬರಿನಂಥ ಹನಿಗಳು, ಕಾರ್ಬನ್ ಮಾನಾಕ್ಸೈಡ್, ಇವೆಲ್ಲ ತಾವಾಗಿಯೇ ಪೂರ್ತಿ ಉರಿಯಬೇಕಾದರೆ ಒಲೆಯೊಳಗೆ 550ರಿಂದ 600 ಡಿಗ್ರಿಯಷ್ಟು ಶಾಖ ಬೇಕು, ಸಣ್ಣ ಉರಿಯಲ್ಲಿ ಅಷ್ಟು ಶಾಖ ಇರುವುದಿಲ್ಲ. ಜೇನುಹುಟ್ಟಿನಂತೆ ಸಾಲುಸಾಲು ರಂಧ್ರಗಳಿರುವ ಸೆರಾಮಿಕ್ ಇಟ್ಟಿಗೆಗೆ ಅಥವಾ ಸ್ಟೀಲ್ ತಗಡಿನ ಸುರುಳಿಗೆ ಪಲ್ಲೇಡಿಯಂ, ಪ್ಲಾಟಿನಂನಂಥ ಲೋಹಗಳ ಬಲು ತೆಳುವಾದ ಲೇಪ ಕೊಟ್ಟು ಹೊಗೆಯ ದಾರಿಯಲ್ಲಿ ಇಟ್ಟರೆ, ಅದೇ ಹೊಗೆ ಸುಮಾರು 260 ಡಿಗ್ರಿಗೇ ಉರಿಯಲು ತೊಡಗುತ್ತದೆ. ಇದೇ ಕ್ಯಾಟಲಿಸ್ಟ್, ನಮ್ಮ ಪಠ್ಯಪುಸ್ತಕಗಳ ವೇಗವರ್ಧಕ. ಇಲ್ಲಿ ಗಮನಿಸಬೇಕಾದ್ದು ಒಂದೇ: 260 ಡಿಗ್ರಿಗೆ ಕೆಳಗೆ ಅದು ಏನನ್ನೂ ಮಾಡುವುದಿಲ್ಲ, ಹೊಗೆಗೆ ಅಡ್ಡಲಾಗಿ ನಿಂತ ಜಾಲರಿಯಷ್ಟೇ ಆಗಿರುತ್ತದೆ. ಆದ್ದರಿಂದಲೇ ಒಲೆಯಲ್ಲಿ ಬೈಪಾಸ್ ಎಂಬ ಒಳಬಾಗಿಲು ಇರುತ್ತದೆ. ಬೆಂಕಿ ಹೊತ್ತಿಸುವಾಗ ಅದನ್ನು ತೆರೆದಿಟ್ಟರೆ ಹೊಗೆ ಕ್ಯಾಟಲಿಸ್ಟನ್ನು ಮುಟ್ಟದೆ ನೇರವಾಗಿ ಕೊಳವೆಗೆ ಹೋಗುತ್ತದೆ. ಶಾಖ ಏರಿದ ಮೇಲೆ ಮುಚ್ಚಿದರೆ ಕ್ಯಾಟಲಿಸ್ಟಿನ ಮೂಲಕ ಹಾದು ಅಲ್ಲೇ ಉರಿದು ಶಾಖವಾಗುತ್ತದೆ.

ಈ ಬೈಪಾಸ್ ಒಲೆಯ ದೋಷವನ್ನು ಕಂಡುಹಿಡಿಯುವ ಸಾಧನವೂ ಹೌದು ಎಂಬುದನ್ನು ನಮಗೆ ಒಲೆ ಮಾರಿದವರು ಹೇಳಲಿಲ್ಲ, ಅಳಿಯ ಫೋನಿನಲ್ಲಿ ಹೇಳಿದ. ಬೈಪಾಸ್ ತೆರೆದಿದ್ದಾಗಲೂ ಹೊಗೆ ಕೋಣೆಗೆ ನುಗ್ಗುತ್ತಿದ್ದರೆ ಕ್ಯಾಟಲಿಸ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ, ಏಕೆಂದರೆ ಹೊಗೆ ಅದರ ಹತ್ತಿರವೂ ಸುಳಿಯುತ್ತಿಲ್ಲ. ತಪ್ಪು ಕೊಳವೆಯಲ್ಲಿ, ಸೌದೆಯಲ್ಲಿ ಅಥವಾ ಕೋಣೆಯ ಗಾಳಿಯಲ್ಲಿದೆ. ತೆರೆದಾಗ ಸರಿಯಿದ್ದು ಮುಚ್ಚಿದ ಕೂಡಲೇ ಉರಿ ಮಂಕಾಗಿ ಹೊಗೆ ಹಿಂದಕ್ಕೆ ಬಂದರೆ ಕ್ಯಾಟಲಿಸ್ಟಿನ ರಂಧ್ರಗಳು ಬೂದಿಯಿಂದ ಕಟ್ಟಿಕೊಂಡಿರಬಹುದು. ಕೋಣೆಗೆ ಹೊಗೆ ಬಾರದೆ, ಒಲೆ ಚೆನ್ನಾಗಿ ಕಾದ ಮೇಲೂ ಛಾವಣಿಯ ಮೇಲಿನ ಹೊಗೆ ಮಾತ್ರ ತೆರೆದಾಗಲೂ ಮುಚ್ಚಿದಾಗಲೂ ಒಂದೇ ಸಮನೆ ದಟ್ಟವಾಗಿದ್ದರೆ, ಒಂದೋ ಬೈಪಾಸ್ ಬಾಗಿಲು ಸರಿಯಾಗಿ ಕೂರದೆ ಹೊಗೆ ಸಂದಿಯಿಂದ ನುಸುಳುತ್ತಿದೆ, ಇಲ್ಲವೇ ಕ್ಯಾಟಲಿಸ್ಟ್ ನಿಜಕ್ಕೂ ದುರ್ಬಲವಾಗಿದೆ. ಹೀಗೆ ನೋಡುವಾಗ ಮುಂಜಾನೆಯ ಚಳಿಯಲ್ಲಿ ಕಾಣುವ ಬಿಳಿ ಆವಿಯನ್ನು ಹೊಗೆಯೆಂದು ತಿಳಿಯಬಾರದು. ಆವಿ ಕೊಳವೆಯ ಬಾಯಿಂದ ತುಸು ದೂರದಲ್ಲೇ ಕರಗಿಹೋಗುತ್ತದೆ; ಹೊಗೆ ನೀಲಿ ಬೂದು ಬಣ್ಣದ್ದು, ಪಕ್ಕದ ಮನೆಯ ಟೆರೇಸಿನವರೆಗೂ ಹೋಗಿ ಒಣಹಾಕಿದ ಬಟ್ಟೆಗೆ ಹತ್ತುತ್ತದೆ. ಕ್ಯಾಟಲಿಸ್ಟ್ ಕೆಂಪಗೆ ಕಾಣುತ್ತಿಲ್ಲ, ಆದ್ದರಿಂದ ಸತ್ತಿದೆ ಎನ್ನುವುದೂ ತಪ್ಪೇ. ಸಣ್ಣ ಉರಿಯಲ್ಲಿ ಅದು ಕೆಂಪಗಾಗದೆಯೇ ಕೆಲಸ ಮಾಡುತ್ತಿರುತ್ತದೆ, ಅದನ್ನು ಶಾಖಮಾಪಕವೇ ಹೇಳಬೇಕು.

ಈಗ ಸೌದೆಯ ವಿಷಯ. ನನ್ನ ಲೆಕ್ಕದಲ್ಲಿ ಬೆಂಗಳೂರಿನ ತೊಂದರೆಯ ಬಹುಪಾಲು ಇಲ್ಲೇ ಇದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾವು ಡಿಪೋದಿಂದ ತರಿಸಿದ ಸರ್ವೆ ಮತ್ತು ನೀಲಗಿರಿ ಸೌದೆಯನ್ನು ಕಡಿದು ಆರು ತಿಂಗಳಾಗಿದೆ ಎಂದು ಡಿಪೋದವರು ಹೇಳಿದ್ದರು, ಮೇಲ್ನೋಟಕ್ಕೆ ತೊಗಟೆ ಬಿಟ್ಟು ಒಣಗಿದಂತೆಯೇ ಇತ್ತು. ಮರಗೆಲಸದವರು ಇಟ್ಟುಕೊಳ್ಳುವಂಥ ತೇವಾಂಶ ಮಾಪಕವನ್ನು ಹೊರಮೈಗೆ ಚುಚ್ಚಿದಾಗ 17 ತೋರಿಸಿತು. ಅದೇ ತುಂಡನ್ನು ಕೊಡಲಿಯಿಂದ ಸೀಳಿಸಿ ಒಳಮೈಗೆ ಚುಚ್ಚಿದರೆ 34. ಒಣಮರದ ತೂಕಕ್ಕೆ ಹೋಲಿಸಿದರೆ ನೀರು ನೂರಕ್ಕೆ ಎಷ್ಟು ಎಂಬುದನ್ನು ಈ ಮಾಪಕ ಹೇಳುತ್ತದೆ; ಕ್ಯಾಟಲಿಟಿಕ್ ಒಲೆಗೆ ಇದು 20ಕ್ಕಿಂತ ಕಡಿಮೆ ಇರಬೇಕು. ಐದು ಕಿಲೊ ಸೌದೆ ತುಂಬುತ್ತಿದ್ದೇನೆಂದು ನಾನು ತಿಳಿದಿದ್ದಾಗ, ವಾಸ್ತವದಲ್ಲಿ ಮೂರೂಮುಕ್ಕಾಲು ಕಿಲೊ ಮರವನ್ನೂ ಒಂದೂಕಾಲು ಲೀಟರ್ ನೀರನ್ನೂ ಒಲೆಗೆ ಹಾಕುತ್ತಿದ್ದೆ. ತಣ್ಣೀರನ್ನು ಕುದಿಬರಿಸಲು ಎಷ್ಟು ಶಾಖ ಬೇಕೋ ಅದರ ಸುಮಾರು ಏಳುಪಟ್ಟು ಶಾಖ ಕುದಿಯುವ ನೀರನ್ನು ಪೂರ್ತಿ ಆವಿಯಾಗಿಸಲು ಬೇಕು. ಇದನ್ನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದವಳು ನನ್ನ ಮನೆಯ ಒಲೆಯ ಮುಂದೆ ಕೂತು ಅದನ್ನೇ ಮರೆತಿದ್ದೆ. ಅಷ್ಟು ಆವಿ ಹೊರಡುತ್ತಿರುವಾಗ ಕ್ಯಾಟಲಿಸ್ಟ್ 260 ಡಿಗ್ರಿ ಮುಟ್ಟುವುದಾದರೂ ಹೇಗೆ? ಮುಟ್ಟಿದ್ದರೂ, ಕಾದ ಸೆರಾಮಿಕ್ಕಿಗೆ ಹಸಿ ಸೌದೆಯ ತಣ್ಣನೆಯ ಆವಿ ಒಮ್ಮೆಲೇ ಬಡಿದರೆ ಕಾದ ಗಾಜಿನ ಲೋಟಕ್ಕೆ ತಣ್ಣೀರು ಸುರಿದಂತೆ ಬಿರುಕು ಬಿಡುವ ಅಪಾಯವುಂಟು.

ನಮ್ಮೂರಿನಲ್ಲಿ ಮಳೆಗಾಲಕ್ಕೆ ಮೊದಲು ಸೌದೆ ಕೊಟ್ಟಿಗೆ ತುಂಬದ ಮನೆಯನ್ನು ಸಂಸಾರವಂತರ ಮನೆಯೆಂದು ಯಾರೂ ಒಪ್ಪುತ್ತಿರಲಿಲ್ಲ. ಬೇಸಗೆಯಲ್ಲೇ ಕಡಿದು, ಸೀಳಿ, ಬಿಸಿಲಿಗೆ ಹಾಕಿ, ಮೊದಲ ಮಳೆಗೆ ಮುಂಚೆ ಒಳಗೆ ಒಟ್ಟುತ್ತಿದ್ದರು. ಅದರ ಮೇಲೂ ನಂಬಿಕೆ ಸಾಲದೆ, ಮರುದಿನ ಉರಿಸಬೇಕಾದ ನಾಲ್ಕು ತುಂಡುಗಳು ಹಿಂದಿನ ರಾತ್ರಿಯೇ ಒಲೆಯ ಪಕ್ಕ ಬಂದು ಕೂರುತ್ತಿದ್ದವು. ಅಮ್ಮ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡುತ್ತಿದ್ದಳು. ‘ಖಣ್’ ಎಂದರೆ ಒಲೆಗೆ, ‘ದಬ್’ ಎಂದರೆ ಮತ್ತೆ ಬಿಸಿಲಿಗೆ. ಮಾಪಕ ಕೊಂಡ ಮೇಲೆ ಅಮ್ಮನ ಪರೀಕ್ಷೆಯನ್ನೂ ಮಾಡಿ ನೋಡಿದೆ, ಎರಡರ ತೀರ್ಪೂ ಬಹಳಮಟ್ಟಿಗೆ ಹೊಂದುತ್ತದೆ. ಬೆಂಗಳೂರಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಮೇ ತಿಂಗಳ ಗಾಳಿಮಳೆಗೆ ರಸ್ತೆಯಲ್ಲಿ ಉರುಳಿದ ಗುಲ್‌ಮೊಹರ್ ಮತ್ತು ಮಳೆಮರಗಳ ಕೊಂಬೆಗಳನ್ನು ಸೀಳದೆ, ಬೊಡ್ಡೆಗಳಾಗಿಯೇ ಬಯಲಿನಲ್ಲಿ ರಾಶಿ ಹಾಕಿ, ಐದು ತಿಂಗಳ ಮಳೆಯಲ್ಲಿ ನೆನೆಸಿ, ಚಳಿ ಶುರುವಾದಾಗ ಮಾರುತ್ತಾರೆ. ಡಿಸೆಂಬರ್‌ಗೆ ಬೇಕಾದ ಸೌದೆಯನ್ನು ಫೆಬ್ರುವರಿಯಲ್ಲೇ ಕೊಂಡು, ಮಣಿಕಟ್ಟಿನ ದಪ್ಪಕ್ಕೆ ಸೀಳಿಸಿ, ನೆಲದಿಂದ ಇಟ್ಟಿಗೆಯೆತ್ತರ ಬಿಟ್ಟು, ಗಾಳಿಯಾಡುವಂತೆ ಒಟ್ಟಿ, ಮಾರ್ಚ್ ಏಪ್ರಿಲ್ ಬಿಸಿಲು ಉಣಿಸಿ, ಮೇಲ್ಭಾಗವನ್ನಷ್ಟೇ ತಗಡಿನಿಂದ ಮುಚ್ಚಬೇಕು. ಸುತ್ತಲೂ ಟಾರ್ಪಾಲಿನ್ ಹೊದಿಸಿ ಬಿಗಿದರೆ ಒಳಗೆ ಬೂಷ್ಟು ಬೆಳೆಯುತ್ತದೆಯೇ ಹೊರತು ಸೌದೆ ಒಣಗುವುದಿಲ್ಲ. ನಾವು ಎರಡನೆಯ ವರ್ಷ ಇಷ್ಟನ್ನೇ ಮಾಡಿದೆವು, ಒಲೆಯಲ್ಲಿ ಇನ್ನೇನನ್ನೂ ಬದಲಿಸಲಿಲ್ಲ. ಹೊಗೆಯ ಮುಕ್ಕಾಲು ಪಾಲು ಮಾಯವಾಯಿತು.

ಉಳಿದ ಕಾಲು ಪಾಲು ಕೊಳವೆಯದು. ಕೊಳವೆಯೊಳಗಿನ ಬಿಸಿಗಾಳಿ ಹಗುರವಾಗಿರುವುದರಿಂದ ಮೇಲೇರುತ್ತದೆ. ಹೊರಗಿನ ಗಾಳಿ ಎಷ್ಟು ತಣ್ಣಗಿದ್ದರೆ ಎಳೆತ ಅಷ್ಟು ಜೋರು. ಮಗಳ ಊರಿನಲ್ಲಿ ಹೊರಗೆ ಮೈನಸ್ 15 ಡಿಗ್ರಿ ಇರುವ ರಾತ್ರಿ ಒಂದು ಕೊಳವೆ ಎಷ್ಟು ಎಳೆಯುತ್ತದೋ, ಅದೇ ಎತ್ತರದ, ಅಷ್ಟೇ ಬಿಸಿಯಾದ ಕೊಳವೆ ಬೆಂಗಳೂರಿನ 15 ಡಿಗ್ರಿಯಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದ ಈ ತೆಳುಗಾಳಿಯಲ್ಲಿ, ಅದರ ಮೂರನೇ ಎರಡರಷ್ಟು ಮಾತ್ರ ಎಳೆದೀತು ಎಂದು ನಾನೇ ಲೆಕ್ಕ ಹಾಕಿದ್ದೇನೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹೀಗಿರುವಾಗ ಅಮೆರಿಕದ ಕೈಪಿಡಿ ಹೇಳುವ ಕನಿಷ್ಠ ಎತ್ತರದ ಕೊಳವೆಯನ್ನೇ ಇಲ್ಲಿ ಹಾಕಿಸಿದರೆ ಎಳೆತ ಕುಂಟುವುದರಲ್ಲಿ ಆಶ್ಚರ್ಯವಿಲ್ಲ. ಕೊಳವೆಯ ಬಾಯಿ ಛಾವಣಿಯನ್ನು ತೂರಿ ಬಂದ ಜಾಗದಿಂದ ಕನಿಷ್ಠ 3 ಅಡಿ, ಮತ್ತು 10 ಅಡಿ ದೂರದೊಳಗಿರುವ ಯಾವುದೇ ಗೋಡೆ ಅಥವಾ ಛಾವಣಿಗಿಂತ 2 ಅಡಿ ಮೇಲಿರಬೇಕೆಂಬುದು ಅಮೆರಿಕದಲ್ಲಿ ಪಾಲಿಸುವ ಅಳತೆ. ನಮ್ಮ ಮನೆಗಳಲ್ಲಿ ಟೆರೇಸಿನ ಮೇಲೆ ನೀರಿನ ಟ್ಯಾಂಕಿಗೆ ಕಟ್ಟಿದ ಗೋಡೆ, ಮೆಟ್ಟಿಲ ಕೋಣೆ, ಪಕ್ಕದವರು ಆಮೇಲೆ ಏರಿಸಿದ ಮೂರನೆಯ ಮಹಡಿ, ಇವೆಲ್ಲ ಗಾಳಿಯನ್ನು ಕೊಳವೆಯೊಳಕ್ಕೆ ಕೆಳಮುಖವಾಗಿ ತಳ್ಳುತ್ತವೆ. ಮನೆಯ ಹೊರಗೋಡೆಗೆ ಅಂಟಿಸಿ, ಶಾಖ ತಡೆಯುವ ಪದರವಿಲ್ಲದ ಒಂಟಿ ತಗಡಿನ ಕೊಳವೆ ಹಾಕಿದ್ದರಂತೂ ಹೊಗೆ ಅರ್ಧ ದಾರಿಯಲ್ಲೇ ತಣಿದು, ಒಳಗೋಡೆಗೆ ಕ್ರಿಯೋಸೋಟ್ ಎಂಬ ಡಾಂಬರಿನಂಥ ಜಿಡ್ಡಾಗಿ ಮೆತ್ತಿಕೊಳ್ಳುತ್ತದೆ. ಮಲೆನಾಡಿನ ಅಡುಗೆಮನೆಯ ಜಂತೆಯಿಂದ ಜೋತುಬೀಳುವ ಇಲ್ಲಣವನ್ನು ಕಂಡವರಿಗೆ ಇದರ ಪರಿಚಯವಿದ್ದೇ ಇದೆ. ವ್ಯತ್ಯಾಸವೆಂದರೆ ಕೊಳವೆಯೊಳಗೆ ಇದು ದಪ್ಪವಾದರೆ ಒಂದು ದಿನ ತಾನೇ ಹೊತ್ತಿಕೊಳ್ಳುತ್ತದೆ. ವರ್ಷಕ್ಕೊಮ್ಮೆ, ಚಳಿಗೆ ಮೊದಲು, ಕೊಳವೆಗೆ ಬ್ರಷ್ ಆಡಿಸುವುದನ್ನು ತಪ್ಪಿಸಬಾರದು.

ನಮ್ಮ ಮನೆಯ ಕೊಳವೆಯ ತೊಂದರೆ ಇದಕ್ಕಿಂತ ಸಣ್ಣದು ಮತ್ತು ಅಪ್ಪಟ ಬೆಂಗಳೂರಿನದು. ಪಾರಿವಾಳಗಳು ಗೂಡು ಕಟ್ಟದಿರಲೆಂದು ಕೆಲಸದವರು ಕೊಳವೆಯ ತುದಿಗೆ ಬಾಲ್ಕನಿಗೆ ಹಾಕುವಂಥ ಸಣ್ಣ ಕಣ್ಣಿನ ಜಾಲರಿ ಬಿಗಿದಿದ್ದರು. ಹಸಿ ಸೌದೆಯ ಜಿಡ್ಡು ಒಂದೇ ತಿಂಗಳಲ್ಲಿ ಆ ಕಣ್ಣುಗಳನ್ನು ಮುಚ್ಚಿಬಿಟ್ಟಿತ್ತು. ಹೆಬ್ಬೆರಳು ತೂರುವಷ್ಟು ದೊಡ್ಡ ಕಣ್ಣಿನ ಜಾಲರಿ ಹಾಕಿಸಿದ ಮೇಲೆ ಪಾರಿವಾಳವೂ ಬರಲಿಲ್ಲ, ಹೊಗೆ ಕೊಳವೆಯಲ್ಲಿ ಕಟ್ಟಿಕೊಳ್ಳಲೂ ಇಲ್ಲ.

ಇನ್ನೊಂದು ಕಾರಣವನ್ನು ನಾವು ತಡವಾಗಿ ಗುರುತಿಸಿದೆವು. ಸಂಜೆ ಏಳೂವರೆಗೆ ಸರಿಯಾಗಿ ಒಲೆ ಹೊಗೆಯಾಡಲು ಶುರುಮಾಡುತ್ತಿತ್ತು. ಅತ್ತೆಯವರು ಅದಕ್ಕೆ ಯಾವುದೋ ದೋಷವೆಂದು ದೃಷ್ಟಿ ತೆಗೆಯುವ ಮಾತಾಡಿದರು. ಏಳೂವರೆ ಎಂದರೆ ಅಡುಗೆಮನೆಯಲ್ಲಿ ಒಗ್ಗರಣೆಯ ಹೊತ್ತು. ಈಗ ಬೆಂಗಳೂರಿನಲ್ಲಿ ಚಿಮಣಿ ಎಂದರೆ ಗ್ಯಾಸ್ ಒಲೆಯ ಮೇಲೆ ಕೂರಿಸುವ ವಿದ್ಯುತ್ ಫ್ಯಾನಿನ ಪೆಟ್ಟಿಗೆ ತಾನೆ? ಅದು ಮನೆಯ ಗಾಳಿಯನ್ನು ಬಿರುಸಾಗಿ ಹೊರಗೆ ತಳ್ಳುತ್ತಿದ್ದರೆ, ಕಿಟಕಿ ಬಾಗಿಲುಗಳನ್ನು ಸೊಳ್ಳೆಗೆ ಹೆದರಿ ಮುಚ್ಚಿದ ಮನೆಗೆ ಬದಲಿ ಗಾಳಿ ಬರಲು ಉಳಿಯುವ ದಾರಿ ಸೌದೆ ಒಲೆಯ ಕೊಳವೆಯೊಂದೇ. ಒಂದು ಚಿಮಣಿ ಎಳೆದ ಗಾಳಿ ಇನ್ನೊಂದು ಚಿಮಣಿಯಿಂದ ಹೊಗೆಯ ಸಮೇತ ಇಳಿಯುತ್ತಿತ್ತು. ಒಲೆ ಉರಿಯುವಾಗ ಅಡುಗೆಮನೆಯ ಕಿಟಕಿಯನ್ನು ಎರಡು ಅಂಗುಲ ತೆರೆದಿಡುತ್ತೇವೆ, ದೃಷ್ಟಿ ತೆಗೆಯುವ ಪ್ರಸಂಗ ಬರಲಿಲ್ಲ.

ಒಲೆಯ ಬಾಗಿಲ ಸಂದಿಯನ್ನು ಬಿಗಿಯಾಗಿ ಮುಚ್ಚುವ ಗ್ಯಾಸ್ಕೆಟ್ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಒಲೆ ತಣ್ಣಗಿರುವಾಗ ಬಾಗಿಲ ಸಂದಿಗೆ ಹತ್ತು ರೂಪಾಯಿಯ ನೋಟೊಂದನ್ನು ಇಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ, ಸಲೀಸಾಗಿ ಜಾರಿ ಬಂದರೆ ಬಾಗಿಲಿನ ಹಗ್ಗದಂಥ ಗ್ಯಾಸ್ಕೆಟ್ ಸವೆದಿದೆ. ಅಲ್ಲಿಂದ ಬೇಡದ ಗಾಳಿ ನುಗ್ಗಿ ಉರಿ ಹತೋಟಿ ತಪ್ಪಿದರೆ ಜ್ವಾಲೆ ನೇರವಾಗಿ ಕ್ಯಾಟಲಿಸ್ಟನ್ನು ನೆಕ್ಕಿ ಲೇಪವನ್ನು ಹಾಳುಮಾಡುತ್ತದೆ. ಬೈಪಾಸಿಗೂ ಕ್ಯಾಟಲಿಸ್ಟಿನ ಸುತ್ತಲೂ ಇಂಥದೇ ಗ್ಯಾಸ್ಕೆಟ್ ಇರುತ್ತದೆ, ಅವನ್ನೂ ನೋಡಿಸಬೇಕು.

ನಾವು ಒಲೆಯನ್ನು ಉರಿಸುವ ರೀತಿಯೂ ತೊಂದರೆಗೆ ಕಾರಣ, ಮತ್ತು ಇದನ್ನು ಒಪ್ಪಿಕೊಳ್ಳುವುದು ನಮ್ಮಂಥವರಿಗೆ ಕಷ್ಟ. ಈ ಒಲೆಗಳನ್ನು ರೂಪಿಸಿದ್ದು ಒಮ್ಮೆ ತುಂಬಿದರೆ ಹತ್ತು ಹನ್ನೆರಡು ಗಂಟೆ ಸಣ್ಣಗೆ ಉರಿಯುತ್ತ ಮನೆ ಕಾಯಿಸಲಿ ಎಂದು. ನಮಗೆ ಬೇಕಾಗಿರುವುದು ಸಂಜೆಯ ಎರಡು ಗಂಟೆಯ ಬೆಚ್ಚಗೆ. ಮನೆ ಬೇಗ ಸೆಕೆಯಾಗುತ್ತದೆಂದು ಹೊತ್ತಿಸಿದ ಹತ್ತೇ ನಿಮಿಷಕ್ಕೆ ಗಾಳಿಯ ಕಿಂಡಿಯನ್ನು ಮುಚ್ಚಿಬಿಡುತ್ತೇವೆ, ಸೌದೆ ಉರಿಯದೆ ಕಮರುತ್ತದೆ, ಕ್ಯಾಟಲಿಸ್ಟ್ ಇನ್ನೂ ತಣ್ಣಗಿರುತ್ತದೆ, ಅದರ ಮೇಲೆ ಮಸಿ ಕೂರುತ್ತದೆ. ಇಲ್ಲವೇ ನೆಂಟರಿಗೆ ಜ್ವಾಲೆ ಚೆನ್ನಾಗಿ ಕಾಣಲೆಂದು ಬೈಪಾಸನ್ನು ಕೊನೆಯವರೆಗೂ ತೆರೆದೇ ಇಡುತ್ತೇವೆ. ಆಗ ಕ್ಯಾಟಲಿಸ್ಟ್ ಇದ್ದೂ ಇಲ್ಲದಂತೆ. ಇಲ್ಲಿಗೆ ಒಗ್ಗುವ ಕ್ರಮವೆಂದರೆ ಕಡಿಮೆ ಸೌದೆ, ತೆಳುವಾಗಿ ಸೀಳಿದ್ದು, ಮೊದಲ ಇಪ್ಪತ್ತು ಮೂವತ್ತು ನಿಮಿಷ ಗಾಳಿ ಪೂರ್ತಿ ತೆರೆದು ಜೋರು ಉರಿ, ಶಾಖಮಾಪಕದ ಮುಳ್ಳು ಕ್ಯಾಟಲಿಸ್ಟಿನ ಕೆಲಸದ ವಲಯಕ್ಕೆ ಬಂದ ಮೇಲೆ ಬೈಪಾಸ್ ಮುಚ್ಚಿ, ಅನಂತರ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವುದು. ಒಮ್ಮೆಲೇ ಇಳಿಸಿದರೆ ಒಳಗೆ ಸೇರಿದ ಅನಿಲ ಹೊತ್ತಿ ‘ಧಪ್’ ಎಂದು ಹೊಗೆ ಉಗುಳುವುದುಂಟು. ಮಧ್ಯೆ ಸೌದೆ ಹಾಕಬೇಕಾದರೆ ಮೊದಲು ಬೈಪಾಸ್ ತೆರೆದು, ಒಂದು ನಿಮಿಷ ಬಿಟ್ಟು ಬಾಗಿಲು ತೆಗೆದು, ಹಾಕಿದ ಸೌದೆಗೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಬೆಂಕಿ ಹತ್ತಿದ ಮೇಲೆಯೇ ಮತ್ತೆ ಮುಚ್ಚಬೇಕು. ಶಾಖಮಾಪಕವಿಲ್ಲದೆ ಇದನ್ನು ಮಾಡುವುದು ಗಡಿಯಾರವಿಲ್ಲದೆ ಮುಹೂರ್ತ ಹಿಡಿದಂತೆ.

ಇಷ್ಟೆಲ್ಲ ನೋಡಿದ ಮೇಲೆ ಕ್ಯಾಟಲಿಸ್ಟಿನ ಸರದಿ. ಮೊದಲ ವರ್ಷ, ಸೌದೆಯನ್ನು ಅನುಮಾನಿಸುವ ಮುಂಚೆಯೇ, ನಾವು ಅದನ್ನು ಹೊರತೆಗೆದೆವು. ರಂಧ್ರಗಳ ಮೇಲೆ ಬೂದಿ ಹಿಟ್ಟಿನಂತೆ ಕೂತಿತ್ತು. ನಮ್ಮ ಯಜಮಾನರು ಅದನ್ನು ಸ್ಕೂಟರಿನಲ್ಲಿಟ್ಟುಕೊಂಡು ಬೀದಿ ಕೊನೆಯ ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿದರು. ಬೂದಿಯ ಜೊತೆಗೆ ಒಂದು ಮೂಲೆಯೂ ಉದುರಿಹೋಯಿತು, ಲೇಪ ಎಷ್ಟು ಹಾರಿತೋ ದೇವರೇ ಬಲ್ಲ. ಒತ್ತಡದ ಗಾಳಿ, ತಂತಿ, ಗಟ್ಟಿ ಬ್ರಷ್ ಯಾವುದೂ ಕೂಡದು. ಪೇಂಟ್ ಮಾಡುವ ಮೆತ್ತನೆಯ ಬ್ರಷ್ಷಿನಿಂದ ಸವರಿ, ವ್ಯಾಕ್ಯೂಮ್ ಕ್ಲೀನರಿನಿಂದ ಹಗುರಾಗಿ ಎಳೆದರೆ ಸಾಕು, ಅದೂ ಒಲೆ ಪೂರ್ತಿ ಆರಿದ ಮೇಲೆ. ಬೂದಿಯಲ್ಲದೆ ಕಪ್ಪು ಮಸಿ ಕೂತಿದ್ದರೆ ತೆಗೆಯುವ ಅಗತ್ಯವೇ ಇಲ್ಲ. ಒಣಸೌದೆಯಿಂದ ಒಂದು ಗಂಟೆ ಜೋರು ಉರಿ ಕೊಟ್ಟರೆ ತಾನೇ ಸುಟ್ಟುಹೋಗುತ್ತದೆ. ಎರಡಕ್ಕೂ ಬಗ್ಗದಿದ್ದಾಗ, ನಿಮ್ಮ ಒಲೆಯ ಕೈಪಿಡಿ ಒಪ್ಪಿದರೆ, ಬಿಳಿ ವಿನೆಗರ್ ಮತ್ತು ಭಟ್ಟಿ ಇಳಿಸಿದ ನೀರನ್ನು ಸಮಪಾಲು ಬೆರೆಸಿ ಅದರಲ್ಲಿ ಅರ್ಧ ಗಂಟೆ ಕುದಿಸಿ, ಬರೀ ಭಟ್ಟಿ ನೀರಿನಲ್ಲಿ ಎರಡು ಸಲ ಕುದಿಸಿ ತೊಳೆದು, ಎರಡು ದಿನ ಒಣಗಿಸಿ ಕೂರಿಸುವ ವಿಧಾನವಿದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕುದಿಸಿದರೆ ಪಾತ್ರೆಯ ತಳಕ್ಕೆ ಕಟ್ಟುವ ಸುಣ್ಣವೇ ಇದರ ರಂಧ್ರಗಳಿಗೂ ಕಟ್ಟುತ್ತದೆ.

ತೊಳೆದರೂ ಬಾರದಂತೆ ಕ್ಯಾಟಲಿಸ್ಟನ್ನು ಕೆಡಿಸುವುದು ವಿಷ. ಇದು ರಸಾಯನಶಾಸ್ತ್ರದ ಪದವೇ: ಗಂಧಕಾಮ್ಲ ತಯಾರಿಸುವಾಗ ಪ್ಲಾಟಿನಂ ವೇಗವರ್ಧಕವನ್ನು ಆರ್ಸೆನಿಕ್ ಹೇಗೆ ವಿಷದಂತೆ ನಿಷ್ಕ್ರಿಯಗೊಳಿಸುತ್ತದೆಂದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ನಮ್ಮ ದೇಶದಲ್ಲಿ 2000ದ ಫೆಬ್ರುವರಿಯಿಂದ ಸೀಸದ ಪೆಟ್ರೋಲ್ ನಿಂತದ್ದಕ್ಕೆ ಮಕ್ಕಳ ಆರೋಗ್ಯದ ಜೊತೆಗೆ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಯಬೇಕೆಂಬುದೂ ಕಾರಣವಾಗಿತ್ತು. ಸೀಸ, ಸತು, ಗಂಧಕ, ರಂಜಕ, ಆರ್ಸೆನಿಕ್ ಇವು ಒಲೆಯ ಕ್ಯಾಟಲಿಸ್ಟಿಗೂ ಶತ್ರುಗಳು. ಇವು ನಮ್ಮ ಮನೆಗೆ ಬರುವ ದಾರಿ ಯಾವುದೆಂದರೆ, ಬೆಂಗಳೂರಿನ ಪ್ರತಿ ಬೀದಿಯಲ್ಲೂ ನಡೆಯುತ್ತಿರುವ ಇಂಟೀರಿಯರ್ ಕೆಲಸ. ಪ್ಲೈವುಡ್ ತುಂಡು, ಲ್ಯಾಮಿನೇಟ್ ಹಚ್ಚಿದ ಹಲಗೆ, ಒಡೆದ ಮನೆಯ ಬಣ್ಣ ಬಳಿದ ಕಿಟಕಿ ಚೌಕಟ್ಟು, ಹುಳು ಹಿಡಿಯದಂತೆ ಔಷಧಿ ಕುಡಿಸಿದ ಕಂಬ, ಸತು ಲೇಪದ ಮೊಳೆ ಸಮೇತ ಪ್ಯಾಕಿಂಗ್ ಪೆಟ್ಟಿಗೆ, ಇವೆಲ್ಲ ಪುಕ್ಕಟೆಯಾಗಿ ಸಿಗುತ್ತವೆ ಮತ್ತು ಚೆನ್ನಾಗಿ ಒಣಗಿರುತ್ತವೆ. ಪುಕ್ಕಟೆ ಸಿಕ್ಕಿತೆಂದು ಹಾಕಿದವರಿಗೆ ಬಿಲ್ಲು ಆಮೇಲೆ ಬರುತ್ತದೆ. ಬೆಂಕಿ ಹೊತ್ತಿಸಲು ಹಾಲಿನ ಪ್ಯಾಕೆಟ್ಟಿನ ಕವರ್ ಬಳಸುವ ಅಭ್ಯಾಸವನ್ನಂತೂ ಈ ಒಲೆಯ ಹತ್ತಿರ ತರಲೇಬಾರದು. ತೆಂಗಿನ ಗರಿಯೂ ನಾಲ್ಕು ಒಣ ಚಕ್ಕೆಯೂ ಅದಕ್ಕಿಂತ ಬೇಗ ಹತ್ತುತ್ತವೆ.

ಸರಿಯಾಗಿ ಬಳಸಿದರೆ ಕ್ಯಾಟಲಿಸ್ಟ್ ಆರು ಚಳಿಗಾಲಕ್ಕೂ ಮಿಕ್ಕಿ ಬಾಳುತ್ತದೆ, ಕೆಟ್ಟದಾಗಿ ಬಳಸಿದರೆ ಎರಡು ವರ್ಷಕ್ಕೇ ಕೈಕೊಡುತ್ತದೆ, ಮತ್ತು ಈ ಆಯುಷ್ಯ ಆರು ತಿಂಗಳು ಹಗಲಿರುಳು ಒಲೆ ಉರಿಯುವ ಊರುಗಳ ಲೆಕ್ಕದ್ದು. ಸಂಜೆ ಎರಡು ಗಂಟೆ, ವರ್ಷಕ್ಕೆ ಎರಡು ತಿಂಗಳು ಉರಿಸುವ ಬೆಂಗಳೂರಿನ ಮನೆಯಲ್ಲಿ ಅದು ಒಂದೇ ವರ್ಷಕ್ಕೆ ತಾನಾಗಿಯೇ ಸವೆಯಿತೆಂದರೆ ನಾನು ನಂಬುವುದಿಲ್ಲ.

ಕಿತ್ತೆಸೆಯಿರಿ ಎಂದವರಿಗೆ ಒಂದು ಮಾತು. ಅಮೆರಿಕ 1988ರಲ್ಲಿ ಸೌದೆ ಒಲೆಗಳಿಗೆ ಹೊಗೆಯ ಮಿತಿಯನ್ನು ತಂದಾಗ, ಕ್ಯಾಟಲಿಸ್ಟಿನೊಂದಿಗೆ ತಯಾರಾದ ಒಲೆಯನ್ನು ಅದಿಲ್ಲದೆ ಉರಿಸುವುದನ್ನೇ ನಿಷೇಧಿಸಿತು. 1990ರಿಂದ ಇಂಥ ಒಲೆಗಳಿಗೆ ಗಂಟೆಗೆ 4.1 ಗ್ರಾಂ ಹೊಗೆಕಣಗಳ ಮಿತಿಯಿತ್ತು, ಕ್ಯಾಟಲಿಸ್ಟ್ ಇಲ್ಲದವಕ್ಕೆ 7.5 ಗ್ರಾಂ, 2020ರ ಮೇ ತಿಂಗಳಿಂದ ಹೊಸ ಒಲೆಗಳಿಗೆಲ್ಲ 2 ಗ್ರಾಂ, ಸಾಮಾನ್ಯ ಸೌದೆಯಲ್ಲಿ ಪರೀಕ್ಷಿಸಿದರೆ 2.5 ಗ್ರಾಂ. ಒಲೆಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುವುದು ಪ್ರಯೋಗಾಲಯದಲ್ಲಿ ಅಳತೆಗೆ ತಕ್ಕ ಒಣಮರ ಉರಿಸಿ ಪಡೆದ ಅಂಕಿ, ಅದು ನಮ್ಮ ಡಿಪೋದ ಹಸಿ ಸೌದೆಗೆ ಕೊಟ್ಟ ಭರವಸೆಯಲ್ಲ. ಕ್ಯಾಟಲಿಸ್ಟನ್ನು ತೆಗೆದರೆ ಕೋಣೆಗೆ ಬರುವ ಹೊಗೆ ಕಡಿಮೆಯಾದಂತೆ ಕಾಣಬಹುದು, ಏಕೆಂದರೆ ಎಲ್ಲವೂ ಸಲೀಸಾಗಿ ನೆರೆಮನೆಗೆ ಹೋಗುತ್ತಿರುತ್ತದೆ. ಹೊಗೆಯಿಲ್ಲದ ಒಲೆ ನಮಗೆ ಹೊರದೇಶದಿಂದಲೇ ಬರಬೇಕೆಂದೇನೂ ಇಲ್ಲ ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಿಂದ ಹೊರಬಂದ ಅಸ್ತ್ರ ಒಲೆ, ಯಾವ ಪಲ್ಲೇಡಿಯಮ್ಮೂ ಇಲ್ಲದೆ, ಸರಿಯಾದ ಜಾಲರಿ, ಗಾಳಿಯ ದಾರಿ ಮತ್ತು ಹೊಗೆಕೊಳವೆಯಿಂದಲೇ ಕರ್ನಾಟಕದ ಎಷ್ಟೋ ಅಡುಗೆಮನೆಗಳ ಹೊಗೆಯನ್ನು ಹೊರಹಾಕಿತು.

ಹೊಗೆ ಕೋಣೆಗೆ ಮರಳಿದಾಗ ಅದರ ಜೊತೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ಗ್ಯಾಸ್ ಗೀಸರಿನಿಂದ ಬಚ್ಚಲಲ್ಲಿ ಆಗುವ ಸಾವುಗಳ ಸುದ್ದಿ ಓದಿರುವ ಬೆಂಗಳೂರಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ಒಲೆಯಿರುವ ಕೋಣೆಯಲ್ಲಿ ಈ ಅನಿಲವನ್ನು ಗುರುತಿಸಿ ಕೂಗುವ ಅಲಾರಂ ಇರಲಿ, ಕೆಂಡ ಇರುವಾಗ ಕಿಟಕಿಗಳನ್ನೆಲ್ಲ ಮುಚ್ಚಿ ಮಲಗುವುದು ಬೇಡ.

ಈ ಒಲೆಗಳನ್ನು ತರಿಸಿ ಮಾರುವವರಲ್ಲಿ ನನ್ನ ಕೋರಿಕೆ ಇಷ್ಟು. ಮಾರುವ ಮೊದಲು ಮನೆಗೆ ಬಂದು ಟೆರೇಸನ್ನು ನೋಡಿ ಕೊಳವೆಯ ಎತ್ತರ ನಿರ್ಧರಿಸಿ. ಶಾಖಮಾಪಕವನ್ನು ಹೆಚ್ಚುವರಿ ಸಾಮಾನೆಂದು ಬಿಲ್ಲಿಗೆ ಸೇರಿಸದೆ ಒಲೆಯ ಜೊತೆಗೇ ಕೊಡಿ. ಬೈಪಾಸ್ ತೆರೆಯುವ ಮುಚ್ಚುವ ಕ್ರಮವನ್ನು ಒಂದು ಪುಟದಲ್ಲಾದರೂ ಕನ್ನಡದಲ್ಲಿ ಅಚ್ಚುಮಾಡಿಸಿ. ಒಲೆಗೆ ದಿನವೂ ಸೌದೆ ಹಾಕುವವರು ಮನೆಯ ಯಜಮಾನರಲ್ಲ, ಕೆಲಸಕ್ಕೆ ಬರುವವರು ಅಥವಾ ಮನೆಯ ಹಿರಿಯರು, ಮತ್ತು ಅವರು ಇಂಗ್ಲಿಷ್ ಕೈಪಿಡಿ ಓದುವುದಿಲ್ಲ.

ಮೊದಲ ಪತ್ರ ಬರೆದ ಓದುಗರು ಒಂದು ವಿವರವನ್ನು ಹೇಳಿಲ್ಲ: ಅವರ ಮನೆಯಲ್ಲಿ ಹೊಗೆ ಬರುವುದು ಬೈಪಾಸ್ ತೆರೆದಾಗಲೋ, ಮುಚ್ಚಿದಾಗಲೋ? ಇಂದು ಸಂಜೆ ಅದನ್ನು ನೋಡಿ, ಸೌದೆಯ ಒಂದು ತುಂಡನ್ನು ಸೀಳಿ ಒಳಮೈಯ ತೇವವನ್ನು ಅಳೆಸಿ, ಆಮೇಲೆ ಅಂದಾಜು ಪಟ್ಟಿಗೆ ಉತ್ತರ ಕೊಡಲಿ. ನಮ್ಮ ಮನೆಯಲ್ಲಿ ಮೂಲೆ ಉದುರಿದ ಅದೇ ಕ್ಯಾಟಲಿಸ್ಟ್ ಮೂರನೆಯ ಚಳಿಗಾಲದಲ್ಲೂ ಕೆಲಸ ಮಾಡುತ್ತಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿ
ತಲಘಟ್ಟಪುರ, ಬೆಂಗಳೂರು